ಅಯ್ಯಣ್ಣನ ರೆಕಾರ್ಡು

ಶಹಾಪುರದ ನಮ್ಮ ಡಿಗ್ರಿ ಕಾಲೇಜಿನ ಗೇಟಿನೆದುರು ಒಂದು ಝೆರಾಕ್ಸ್ ಅಂಗಡಿ ಇದೆ. ಅದರ ಮಾಲೀಕ ಅಯ್ಯಣ್ಣ. ಮೂವತ್ತು ದಾಟಿದ ತೆಳ್ಳಗಿನ ಆಳು. ಮಾತು ಕಡಿಮೆ, ಅಕ್ಷರ ಮುತ್ತಿನಂಥದ್ದು. ಇದೇ ಕಾಲೇಜಿನಲ್ಲಿ ಬಿ.ಎಸ್ಸಿ. ಮಾಡಿದವನು ಎಂದು ಊರಿನವರ ಮಾತು. ಹಾಲ್ ಟಿಕೆಟ್, ಸ್ಕಾಲರ್‌ಶಿಪ್ ಅರ್ಜಿ, ಬಸ್ ಪಾಸಿನ ಫಾರಂ, ಹಳೇ ಪ್ರಶ್ನೆಪತ್ರಿಕೆ, ಎಲ್ಲಕ್ಕೂ ಹುಡುಗರು ಅವನ ಕೌಂಟರಿಗೇ ಮುಗಿಬೀಳುತ್ತಾರೆ. ನಮ್ಮ ಪ್ರಿನ್ಸಿಪಾಲರು ಒಂದು ವಾರ ಬಾರದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಅಯ್ಯಣ್ಣ ಒಂದು ದಿನ ಶಟರ್ ಎತ್ತದಿದ್ದರೆ ಕಾಲೇಜು ನಿಂತುಹೋಗುತ್ತದೆ.

ಇಂಥ ಮನುಷ್ಯನ ಜೊತೆ ನಾನು ಈ ಊರಿಗೆ ಬಂದ ಎರಡನೇ ತಿಂಗಳಲ್ಲೇ ಜಗಳ ತೆಗೆದೆ. ನಾನು ಪವಿತ್ರಾ, ರಸಾಯನಶಾಸ್ತ್ರದ ಉಪನ್ಯಾಸಕಿ. ಯಾದಗಿರಿಯಿಂದ ದಿನಾ ಬಸ್ಸಿನಲ್ಲಿ ಓಡಾಡುತ್ತೇನೆ. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯಲ್ಲಿ ಹೇಳುತ್ತಾರೆ, ಅದು ಸುಳ್ಳೇನೂ ಅಲ್ಲ.

ಮೊದಲ ಸೆಮಿಸ್ಟರಿನ ಮೊದಲ ದಿನವೇ ನಾನು ಬೋರ್ಡಿನ ಮೇಲೆ ಎಲ್ಲ ಬರೆದುಬಿಟ್ಟಿದ್ದೆ. ಎರಡು ಟೆಸ್ಟಿಗೆ ಇಷ್ಟು ಅಂಕ, ಅಸೈನ್‌ಮೆಂಟಿಗೆ ಇಷ್ಟು, ಹಾಜರಿಗೆ ಇಷ್ಟು, ಪ್ರಾಕ್ಟಿಕಲ್ ರೆಕಾರ್ಡಿಗೆ ಇಷ್ಟು. ಹಾಜರಿ ಕಡಿಮೆಯಾದರೆ ಹತ್ತಿ ಬಿಡಿಸಲು ಹೋಗಿದ್ದೆ, ಅಕ್ಕನ ಸೀಮಂತವಿತ್ತು ಎಂದು ಬಂದು ನಿಲ್ಲಬೇಡಿ, ಮೊದಲೇ ಹೇಳಿ ಹೋಗಿ ಎಂದೂ ಹೇಳಿದ್ದೆ. ಹುಡುಗರು ತಲೆಯಾಡಿಸಿದ್ದರು. ತಲೆಯಾಡಿಸುವುದರಲ್ಲಿ ನಮ್ಮ ಹುಡುಗರನ್ನು ಮೀರಿಸುವವರು ಯಾರೂ ಇಲ್ಲ.

ಆಮೇಲೆ ನಲವತ್ತು ರೆಕಾರ್ಡುಗಳು ತಿದ್ದಲು ಬಂದವು. ಮೊದಲ ಪ್ರಯೋಗ ಆಮ್ಲ ಮತ್ತು ಪ್ರತ್ಯಾಮ್ಲದ ಟೈಟ್ರೇಷನ್. ಗೊತ್ತಿಲ್ಲದವರಿಗೆ ಒಂದು ಮಾತು ಹೇಳುತ್ತೇನೆ. ಫ್ಲಾಸ್ಕಿನಲ್ಲಿ ಅಳೆದು ಆಮ್ಲ ಹಾಕಿ ಬಣ್ಣ ಬದಲಿಸಿ ತೋರಿಸುವ ಇಂಡಿಕೇಟರ್ ಎರಡು ಹನಿ ಸೇರಿಸುತ್ತಾರೆ. ಮೇಲೆ ಬ್ಯುರೆಟ್ ಎಂಬ ಉದ್ದನೆಯ ಗಾಜಿನ ಕೊಳವೆ ಇರುತ್ತದೆ, ಅದರ ತುದಿಗೊಂದು ಪುಟ್ಟ ನಲ್ಲಿ. ಅದರಿಂದ ಪ್ರತ್ಯಾಮ್ಲವನ್ನು ಹನಿಹನಿಯಾಗಿ ಬಿಡಬೇಕು. ಬಣ್ಣವಿಲ್ಲದ ದ್ರಾವಣ ಯಾವ ಹನಿಗೆ ತೆಳು ಗುಲಾಬಿಯಾಗಿ ಹಾಗೇ ನಿಲ್ಲುತ್ತದೋ ಅಲ್ಲಿಗೆ ನಿಲ್ಲಿಸಿ, ಎಷ್ಟು ಮಿಲಿಲೀಟರ್ ಖರ್ಚಾಯಿತು ಎಂದು ಬರೆದುಕೊಳ್ಳಬೇಕು. ಒಂದೇ ಹನಿ ಹೆಚ್ಚಾದರೂ ಬಣ್ಣ ದಟ್ಟವಾಗುತ್ತದೆ, ಲೆಕ್ಕ ತಪ್ಪುತ್ತದೆ.

ನಲವತ್ತು ರೆಕಾರ್ಡಿನಲ್ಲೂ ರೀಡಿಂಗ್ ಒಂದೇ: ಒಂಬತ್ತು ಪಾಯಿಂಟ್ ಎಂಟು. ಮೂರು ಸಲ ಮಾಡಿದ್ದು ಮೂರು ಸಲವೂ ಒಂಬತ್ತು ಪಾಯಿಂಟ್ ಎಂಟು. ನಕಲು ಹೊಡೆಯುವುದು ನನಗೆ ಹೊಸದಲ್ಲ. ನನ್ನನ್ನು ಕೆರಳಿಸಿದ್ದು ಚಿತ್ರ. ನಲವತ್ತು ಜನ ಬರೆದ ಬ್ಯುರೆಟ್‌ನಲ್ಲೂ ನಲ್ಲಿಯ ಸುತ್ತ ಮೂರು ಸುತ್ತು ದಾರ ಕಟ್ಟಿತ್ತು. ಪಕ್ಕದಲ್ಲಿ ಬಾಣದ ಗುರುತು ಹಾಕಿ ಅಚ್ಚುಕಟ್ಟಾಗಿ ‘ದಾರ’ ಎಂದು ಬರೆದಿದ್ದರು. ಒಬ್ಬಳಂತೂ ದಾರಕ್ಕೆ ಕೆಂಪು ಸ್ಕೆಚ್ ಪೆನ್ನಿನ ಬಣ್ಣ ಕೊಟ್ಟಿದ್ದಳು.

“ಇದೇನಿದು?” ಎಂದು ಕ್ಲಾಸಿನಲ್ಲಿ ರೆಕಾರ್ಡ್ ಎತ್ತಿ ಹಿಡಿದೆ.

“ದಾರ್ರಿ ಮೇಡಂ” ಎಂದರು ಎಲ್ಲರೂ ಒಟ್ಟಿಗೆ.

“ಬ್ಯುರೆಟ್‌ಗೆ ಯಾಕೆ ದಾರ?”

ಯಾರಿಗೂ ಗೊತ್ತಿರಲಿಲ್ಲ. ಕೊನೆಗೆ ಮುಂದಿನ ಬೆಂಚಿನ ಭುವನೇಶ್ವರಿ ಎಂಬ ಹುಡುಗಿ ಎದ್ದು, “ಅಯ್ಯಣ್ಣನ ರೆಕಾರ್ಡಿನ್ಯಾಗ ಹಂಗೇ ಅದರಿ ಮೇಡಂ. ನಮ್ಮ ಸೀನಿಯರ್‌ಗಳು, ಅವರ ಸೀನಿಯರ್‌ಗಳು, ಎಲ್ಲಾರೂ ಅದನ್ನೇ ನೋಡಿ ಬರ್ದಾರ್ರಿ” ಎಂದಳು.

ನಮ್ಮ ಲ್ಯಾಬಿನ ಅಟೆಂಡರ್ ಮದೀನಾಬೀ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದರು. ಸೆರಗು ಬಾಯಿಗೆ ಒತ್ತಿಕೊಂಡು ನಗಲು ಶುರು ಮಾಡಿದರು. “ಅಲ್ಲಾ ಮೇಡಂ, ಆ ದಾರಾ ಕಟ್ಟಿದಾಕಿ ನಾನೇರಿ! ಹತ್ತು ಹನ್ನೆರಡು ವರ್ಷದ ಹಿಂದಿನ ಮಾತು. ಏಳನೇ ನಂಬರ್ ಬ್ಯುರೆಟ್‌ನ ನಲ್ಲಿ ಸಡ್ಲಾಗಿ ಸೋರಾಕತ್ತಿತ್ತು. ಹೊಸದು ಬರೂತನಾ ಇರ್ಲಿ ಅಂತ ಕಟ್ಟಿದ್ದೆ. ಆ ಬ್ಯುರೆಟ್ ಒಡದು ಯಾವ ಕಾಲ ಆತು!”

ಒಡೆದುಹೋದ ಬ್ಯುರೆಟ್‌ನ ದಾರ ಹನ್ನೊಂದು ಬ್ಯಾಚುಗಳ ರೆಕಾರ್ಡಿನಲ್ಲಿ ಬದುಕಿತ್ತು. ಹನ್ನೊಂದು ವರ್ಷ ಅದಕ್ಕೆ ಸಹಿ ಹಾಕಿದ ನನ್ನ ಹಿಂದಿನ ಮೇಷ್ಟ್ರುಗಳ ಬಗ್ಗೆ ನಾನೇನೂ ಹೇಳುವುದಿಲ್ಲ. ಹೇಳಿದರೆ ಬಾಯಿ ಹೊಲಸಾಗುತ್ತದೆ.

ಮಧ್ಯಾಹ್ನದ ಬಿಡುವಿನಲ್ಲಿ ನೇರವಾಗಿ ಅಂಗಡಿಗೆ ಹೋದೆ. “ಆ ರೆಕಾರ್ಡ್ ಎಲ್ಲಿದೆ?” ಎಂದೆ. ಅಯ್ಯಣ್ಣ ಕೌಂಟರಿನ ಕೆಳಗಿನಿಂದ ತೆಗೆದು ಮುಂದಿಟ್ಟ. ಪುಟಪುಟಕ್ಕೂ ಲ್ಯಾಮಿನೇಷನ್ ಮಾಡಿಸಿದ್ದ. ಅಕ್ಷರ ನೋಡಿದರೆ ಅಚ್ಚು ಹಾಕಿಸಿದಂತಿತ್ತು. ಅದು ನನ್ನ ಸಿಟ್ಟನ್ನು ಇನ್ನೂ ಹೆಚ್ಚಿಸಿತು.

“ನಿನಗೆ ನಾಚಿಕೆಯಾಗುವುದಿಲ್ಲವೇನಯ್ಯಾ? ನಲವತ್ತು ಹುಡುಗರಿಗೆ ಕಣ್ಣಿದೆ, ಕೈಯಿದೆ, ಲ್ಯಾಬ್ ಇದೆ. ಎಲ್ಲ ಬಿಟ್ಟು ನಿನ್ನ ಒಂಬತ್ತು ಪಾಯಿಂಟ್ ಎಂಟು ಬರೆದುಕೊಂಡು ಬರುತ್ತಾರೆ. ಬಿ.ಎಸ್ಸಿ. ಮಾಡಿದವನು ನೀನು, ನಿನಗಾದರೂ ಗೊತ್ತಾಗಬಾರದೆ?”

ಅವನು ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು ಸಣ್ಣ ದನಿಯಲ್ಲಿ ಹೇಳಿದ. “ಮೇಡಂರೀ, ನಾ ಬಿ.ಎಸ್ಸಿ. ಪಾಸಾಗಿಲ್ಲರಿ. ಎಲ್ಲಾ ಪೇಪರ್ ಆಗ್ಯಾವ. ಇದೊಂದು ಪ್ರಾಕ್ಟಿಕಲ್ ಉಳದದ. ಈ ರೆಕಾರ್ಡ್ ಬರದಂವ ಇದೇ ಪ್ರಾಕ್ಟಿಕಲ್‌ನ್ಯಾಗ ಫೇಲ್ ಆಗ್ಯಾನ್ರಿ.”

ರೆಕಾರ್ಡ್ ಮುಚ್ಚಿಟ್ಟು, ಏನಾಯಿತೆಂದು ಕೇಳಿದೆ.

ಕಥೆ ಸಣ್ಣದು. ಆಗ ನಾಲ್ಕು ಹುಡುಗರಿಗೆ ಒಂದು ಬ್ಯುರೆಟ್. ಗುಂಪಿನ ಮೂವರು, ‘ನಿನ್ನ ಅಕ್ಷರ ಚಂದ ಅದ, ನೀ ಬರಿ, ನಾವು ಮಾಡ್ತೀವಿ’ ಎಂದು ಅವನನ್ನು ಬರೆಯಲು ಕೂರಿಸಿದ್ದರು. ಅವನು ನಾಲ್ವರ ರೆಕಾರ್ಡನ್ನೂ ಬರೆದ. ಕಣ್ಣಿಗೆ ಕಂಡ ದಾರವನ್ನೂ ನಿಷ್ಠೆಯಿಂದ ಬರೆದ. ಇಡೀ ಸೆಮಿಸ್ಟರಿನಲ್ಲಿ ಒಂದು ಸಲವೂ ನಲ್ಲಿ ಮುಟ್ಟಲಿಲ್ಲ. ಪರೀಕ್ಷೆಯ ದಿನ ಬ್ಯುರೆಟ್ ಎದುರು ಒಬ್ಬನೇ ನಿಂತು ನಲ್ಲಿ ತಿರುಗಿಸಿದ, ಒಮ್ಮೆಗೇ ಅರ್ಧ ಕೊಳವೆ ಸುರಿದುಹೋಯಿತು. ಹೆದರಿ ಬಾಯಿಪಾಠವಿದ್ದ ಒಂಬತ್ತು ಪಾಯಿಂಟ್ ಎಂಟನ್ನು ಮೂರು ಸಲ ಬರೆದ. ಹೊರಗಿನಿಂದ ಬಂದ ಪರೀಕ್ಷಕರು ಆ ದಿನ ಆಮ್ಲದ ಸಾಂದ್ರತೆ ಬದಲಿಸಿದ್ದರು. ಎಲ್ಲರ ಮುಂದೆ ಕಾಗದ ಎತ್ತಿ ಹಿಡಿದು ನಕ್ಕರಂತೆ. ಮುಂದಿನ ವರ್ಷ ಮತ್ತೆ ಫೀ ಕಟ್ಟಿ ಗೇಟಿನವರೆಗೆ ಬಂದು ವಾಪಸು ಹೋದ. ಆಮೇಲೆ ಬರಲೇ ಇಲ್ಲ. ಅಂಗಡಿ ಹಾಕಿದ. ಚಂದದ ಅಕ್ಷರವೆಂದು ಹುಡುಗರು ರೆಕಾರ್ಡ್ ಕೇಳಿದರು, ಕೊಟ್ಟ. ಪಾಸಾಗಿದ್ದೀಯೇನು ಎಂದು ಒಬ್ಬರೂ ಕೇಳಲಿಲ್ಲ.

ಬಸ್ಸಿನಲ್ಲಿ ಮನೆಗೆ ಹೋಗುವಾಗ ನನಗೆ ನನ್ನದೇ ನೆನಪಾಯಿತು. ಬಿ.ಎಸ್ಸಿ.ಯಲ್ಲಿ ನಾನೂ ಮೂರು ರೀಡಿಂಗ್ ಒಂದೇ ಬರೆಯುತ್ತಿದ್ದೆ. ಬೇರೆ ಬಂದರೆ ಮೇಷ್ಟ್ರು ಮತ್ತೆ ಮಾಡು ಎನ್ನುತ್ತಿದ್ದರು, ಬಸ್ಸು ತಪ್ಪುತ್ತಿತ್ತು. ಅಯ್ಯಣ್ಣನಿಗೆ ಬೈದ ಬೈಗುಳದಲ್ಲಿ ಅರ್ಧ ನನಗೇ ಬರಬೇಕಿತ್ತು. ಇದನ್ನು ಒಪ್ಪಿಕೊಳ್ಳಲು ನನಗೆ ಭೀಮಾ ಸೇತುವೆ ದಾಟುವವರೆಗೂ ಬೇಕಾಯಿತು.

ಮರುದಿನ ಕ್ಲಾಸಿನಲ್ಲಿ ಹೊಸ ನಿಯಮ ಹೇಳಿದೆ. ಇನ್ನು ಮುಂದೆ ಪ್ರತಿಯೊಬ್ಬರಿಗೂ ಬೇರೆ ಬೇರೆ ಸಾಂದ್ರತೆಯ ಆಮ್ಲ. ರೀಡಿಂಗನ್ನು ಲ್ಯಾಬಿನಲ್ಲೇ ಪೆನ್ನಿನಿಂದ ಬರೆಯಬೇಕು. ಪೆನ್ಸಿಲ್ ಇಲ್ಲ, ವೈಟ್ನರ್ ಇಲ್ಲ. ತಪ್ಪಾದರೆ ಯಾಕೆ ತಪ್ಪಾಯಿತೆಂದು ಪಕ್ಕದಲ್ಲಿ ಬರೆಯಿರಿ, ಅಂಕ ಕಳೆಯುವುದಿಲ್ಲ. ಮೂರೂ ಒಂದೇ ಬಂದವರು ನನ್ನೆದುರಿಗೆ ನಾಲ್ಕನೇ ಸಲ ಮಾಡಿ ತೋರಿಸಬೇಕು. ಹುಡುಗರ ಮುಖ ಇಂಗು ತಿಂದ ಮಂಗನಂತಾಯಿತು.

ಅದೇ ತಿಂಗಳು ವಿಶ್ವವಿದ್ಯಾಲಯದಿಂದ ಸುತ್ತೋಲೆ ಬಂತು. ಹಳೇ ಬ್ಯಾಚಿನವರಿಗೆ ಬಾಕಿ ಉಳಿದ ವಿಷಯ ಬರೆಯಲು ಒಂದು ಕೊನೆಯ ಅವಕಾಶ. ಇದೂ ತಪ್ಪಿದರೆ ಹಳೇ ಅಂಕಗಳೆಲ್ಲ ರದ್ದು. ಅಂದರೆ ಅಯ್ಯಣ್ಣನ ಮೂರು ವರ್ಷದ ಓದು, ಪಾಸಾದ ಅಷ್ಟೂ ಪೇಪರುಗಳು, ಎಲ್ಲವೂ ಈ ಒಂದು ಪ್ರಾಕ್ಟಿಕಲ್ ಮೇಲೆ ನಿಂತಿದ್ದವು. ಆ ಸುತ್ತೋಲೆಯನ್ನು ಊರಿಗೆಲ್ಲ ಝೆರಾಕ್ಸ್ ತೆಗೆದು ಕೊಟ್ಟವನು ಅವನೇ. ತಾನು ಮಾತ್ರ ಫಾರಂ ತುಂಬಿರಲಿಲ್ಲ.

“ಯಾಕೆ?” ಎಂದೆ.

“ಮನ್ಯಾಗ ಗೊತ್ತಿಲ್ಲರಿ. ಮದುವ್ಯಾಗ ಹುಡುಗ ಬಿ.ಎಸ್ಸಿ. ಅಂತ ಹೇಳ್ಯಾರ. ಈಗ ಪರೀಕ್ಷಾ ಅಂತ ಹೋದ್ರ ಬಸವೇಶ್ವರಿಗೆ ಏನ್ ಹೇಳ್ಲಿ? ಹೋಗಿ ಮತ್ತ ಫೇಲಾದ್ರ?”

“ಹೋಗದಿದ್ದರೂ ಫೇಲೇ ಅಲ್ಲವೇನಯ್ಯಾ” ಎಂದು ಫಾರಂ ತೆಗೆದು ಅವನ ಮುಂದಿಟ್ಟೆ. ಅವನು ಅದನ್ನು ಮಡಚಿ ಜೇಬಿನಲ್ಲಿಟ್ಟುಕೊಂಡ.

ಆ ಸಂಜೆಯೇ ಹೆಂಡತಿಗೆ ಹೇಳಿದನಂತೆ. ಬಸವೇಶ್ವರಿ ಬಳಿಚಕ್ರದ ಕಡೆಯ ಹೆಣ್ಣುಮಗಳು, ಪಿಯುಸಿಯವರೆಗೆ ಓದಿದವಳು. ಎರಡು ದಿನ ಅವನೊಡನೆ ಮಾತು ಬಿಟ್ಟಳು. ರೊಟ್ಟಿ ಬಡಿದು ತಟ್ಟೆಗೆ ಹಾಕುವಳು, ಮುಖ ನೋಡಳು. ಮೂರನೇ ದಿನ ಬೆಳಿಗ್ಗೆ ತಾನೇ ಅಂಗಡಿಗೆ ಬಂದು ಮಷಿನ್ನಿನ ಮುಂದೆ ನಿಂತಳು. “ಫೇಲಾಗಿದ್ದಕ್ಕ ಸಿಟ್ಟಿಲ್ಲ. ಆರು ವರ್ಷ ನನ್ನ ಮುಂದ ಮುಚ್ಚಿಟ್ಟೀರಲ್ಲ, ಅದಕ್ಕ ಸಿಟ್ಟು. ಅಂಗಡಿ ನಾ ನೋಡ್ಕೋತೀನಿ, ನೀವು ನಡೀರಿ ಕಾಲೇಜಿಗೆ” ಎಂದಳು. ಇದನ್ನು ನನಗೆ ಹೇಳುವಾಗ ಅಯ್ಯಣ್ಣನ ಮುಖದ ಮೇಲೆ ನಾಚಿಕೆ, ಸಂತೋಷ ಎರಡೂ ಇದ್ದವು.

ಪ್ರಿನ್ಸಿಪಾಲರ ಒಪ್ಪಿಗೆ ಪಡೆದು ಅವನನ್ನು ಶನಿವಾರದ ಪ್ರಾಕ್ಟಿಕಲ್‌ಗೆ ಸೇರಿಸಿಕೊಂಡೆ. ಹದಿನೆಂಟರ ಹುಡುಗರ ನಡುವೆ ಮೂವತ್ನಾಲ್ಕರ ಅಯ್ಯಣ್ಣ ಬಂದು ನಿಂತ. ಹುಡುಗರಿಗೆ ಏನೂ ಹೇಳಬೇಡಿ ಎಂದು ನನ್ನನ್ನು ಕೇಳಿಕೊಂಡಿದ್ದ. ಲ್ಯಾಬಿನ ಸಾಮಾನಿನ ಪಟ್ಟಿ ಮಾಡಲು ಬಂದಿದ್ದಾನೆ ಎಂದು ಅವರು ತಾವೇ ಊಹಿಸಿಕೊಂಡರು.

ಮೊದಲ ದಿನ ಅವನು ಮಾಡಿದ್ದನ್ನು ನೋಡಿ ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಬ್ಯುರೆಟ್ ತುಂಬುವ ಮೊದಲೇ ಪುಸ್ತಕ ತೆರೆದು, ಸ್ಕೇಲು ಹಿಡಿದು ಗೆರೆ ಎಳೆದು, ರೀಡಿಂಗ್ ಕಾಲಮ್ಮಿನಲ್ಲಿ ಒಂಬತ್ತು ಪಾಯಿಂಟ್ ಎಂಟು ಎಂದು ಬರೆದುಬಿಟ್ಟಿದ್ದ. ಕೈ ತನ್ನಷ್ಟಕ್ಕೆ ತಾನೇ ಬರೆದಿತ್ತು. “ಇನ್ನೂ ಶುರುವೇ ಮಾಡಿಲ್ಲವಲ್ಲೋ!” ಎಂದು ಕೂಗಿದೆ. ಅವನು ಪೆನ್ನನ್ನು ಜೇಬಿನಿಂದ ತೆಗೆದು ಮದೀನಾಬೀಯ ಕೈಗೆ ಕೊಟ್ಟ. “ಖಾಲಾ, ಬಣ್ಣ ಬರೂತನಾ ಇದು ನಿಮ್ಮ ಹತ್ರ ಇರ್ಲಿ” ಎಂದ.

ನಿಜ ಹೇಳಬೇಕೆಂದರೆ ಅವನಿಗೆ ಟೈಟ್ರೇಷನ್ ಕಲಿಸಿದ್ದು ನಾನಲ್ಲ, ಮದೀನಾಬೀ. ನಾನು ಪುಸ್ತಕದಲ್ಲಿರುವುದನ್ನು ಹೇಳುತ್ತಿದ್ದೆ. ಅವರು ಅವನ ಎಡಗೈ ಹಿಡಿದು ನಲ್ಲಿಯ ಸುತ್ತ ಬೆರಳು ಹೇಗೆ ಬಳಸಬೇಕೆಂದು ತೋರಿಸುತ್ತಿದ್ದರು. “ಮಜ್ಜಿಗಿಗೆ ಒಗ್ಗರಣಿ ಸುರದಂಗ ಸುರೀಬ್ಯಾಡ ಬೇಟಾ. ಮೊದ್ಲು ಜಲ್ದಿ ಬಿಡು. ಗುಲಾಬಿ ಬಂದು ಬಂದು ಹೋಗಾಕತ್ತಿತು ಅಂದ್ರ ಸಾವಕಾಶ. ಒಂದು ಹನಿ ಬಿಡು, ಫ್ಲಾಸ್ಕ್ ತಿರಗ್ಸು, ನೋಡು. ಮತ್ತೊಂದು ಹನಿ.” ಮೂವತ್ತು ವರ್ಷ ಗಾಜಿನ ಸಾಮಾನು ತೊಳೆದ ಕೈ ಅದು. ಆ ಕೈಗೆ ಯಾವ ಪದವಿಯನ್ನೂ ಯಾರೂ ಕೊಟ್ಟಿಲ್ಲ.

ನಾಲ್ಕು ಶನಿವಾರ ಅವನ ಫ್ಲಾಸ್ಕು ರೂಹಫ್ಜಾ ಶರಬತ್ತು ಕಲಸಿದಂತೆ ದಟ್ಟ ಗುಲಾಬಿಯಾಯಿತು. ಐದನೇ ಶನಿವಾರ ನಾನು ಯಾವುದೋ ಹುಡುಗನನ್ನು ಗದರಿಸುತ್ತಿದ್ದಾಗ ಹಿಂದಿನಿಂದ “ಮೇಡಂರೀ” ಎಂಬ ದನಿ ಕೇಳಿತು. ತಿರುಗಿದೆ. ಅಯ್ಯಣ್ಣ ಫ್ಲಾಸ್ಕನ್ನು ಬಿಳಿ ಕಾಗದದ ಮೇಲಿಟ್ಟು ಉಸಿರು ಬಿಗಿಹಿಡಿದು ನಿಂತಿದ್ದ. ಇದೆಯೋ ಇಲ್ಲವೋ ಎಂಬಷ್ಟು ತೆಳು ಗುಲಾಬಿ. ಅರ್ಧ ನಿಮಿಷ ಕಳೆಯಿತು, ಬಣ್ಣ ಹೋಗಲಿಲ್ಲ. “ನಿಂತದ್ರಿ” ಎಂದ. ಅವನ ಕಣ್ಣಲ್ಲಿ ನೀರಿತ್ತು. ನನ್ನ ಸಂತೋಷ ತೋರಿಸಿಕೊಳ್ಳಬಾರದೆಂದು, “ಹಾಗೇ ನೋಡುತ್ತಾ ನಿಂತರೆ ಆಯಿತೇ? ರೀಡಿಂಗ್ ಯಾರು ಬರೆಯಬೇಕು?” ಎಂದೆ.

ಪರೀಕ್ಷೆಗೆ ಹೊಸ ರೆಕಾರ್ಡ್ ಬೇಕಿತ್ತು. ಹಳೆಯದನ್ನು ನಾನು ಒಪ್ಪಲಿಲ್ಲ. ಈ ಹೊಸದು ಹಳೆಯದರಷ್ಟು ಚಂದವಿರಲಿಲ್ಲ. ಒಂದೊಂದು ಪುಟದಲ್ಲೂ ‘ಹೆಚ್ಚು ಬಿತ್ತು’, ‘ತುದಿಯಲ್ಲಿ ಗಾಳಿಗುಳ್ಳೆ ಇತ್ತು’, ‘ಪುನಃ ಮಾಡಿದೆ’ ಎಂದು ಬರೆದಿತ್ತು. ನಾನು ಸಹಿ ಹಾಕಿದ ರೆಕಾರ್ಡುಗಳಲ್ಲಿ ಅಷ್ಟು ಸಂತೋಷದಿಂದ ಸಹಿ ಹಾಕಿದ್ದು ಅದೊಂದಕ್ಕೇ.

ಫೆಬ್ರವರಿಯಲ್ಲಿ ಪರೀಕ್ಷೆ. ಹೊರಗಿನ ಪರೀಕ್ಷಕರಾಗಿ ಸುರಪುರದ ಕಡೆಯಿಂದ ಚಂದ್ರಾಮಪ್ಪನವರು ಬಂದರು. ನಿವೃತ್ತಿಗೆ ಹತ್ತಿರವಾದವರು, ಬಿಗಿ ಮನುಷ್ಯ. ಒಳಗಿನ ಪರೀಕ್ಷಕಿ ನಾನೇ. ಆದರೆ ನಾನೇ ಕಲಿಸಿದವನೆಂದು ಹೇಳಿ, ಅಯ್ಯಣ್ಣನ ಪ್ರಯೋಗ ಮತ್ತು ಮೌಖಿಕ ಎರಡರ ಅಂಕವನ್ನೂ ಅವರಿಗೇ ಬಿಟ್ಟಿದ್ದೆ. ಒಟ್ಟು ನಲವತ್ತು ಅಂಕ, ಪಾಸಾಗಲು ಹದಿನಾರು ಬೇಕು.

ನಾನು ದೂರದಿಂದ ನೋಡುತ್ತಿದ್ದೆ. ಮೊದಲ ಸಲ ಚೆನ್ನಾಗಿ ಬಂತು. ಅವನು ಹನ್ನೆರಡು ಪಾಯಿಂಟ್ ನಾಲ್ಕು ಎಂದು ಬರೆದ. ಎರಡನೇ ಸಲ ಹೊರಗೆ ಯಾವುದೋ ಲಾರಿ ಹಾರ್ನ್ ಹೊಡೆಯಿತು, ಅವನು ಬೆಚ್ಚಿದ, ಬೆರಳು ಜಾರಿ ನಲ್ಲಿ ತಿರುಗಿಬಿಟ್ಟಿತು. ಫ್ಲಾಸ್ಕು ದಟ್ಟ ಗುಲಾಬಿ. ಅವನ ಮುಖ ಬಿಳುಚಿಕೊಂಡಿತು. ಎರಡನೆಯದನ್ನೂ ಹನ್ನೆರಡು ಪಾಯಿಂಟ್ ನಾಲ್ಕು ಎಂದು ಬರೆದುಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ. ಚಂದ್ರಾಮಪ್ಪನವರು ಆಗ ಕಿಟಕಿಯ ಕಡೆ ಮುಖ ಮಾಡಿ ಚಹಾ ಕುಡಿಯುತ್ತಿದ್ದರು. ಪಾಪಿ ನಾನು, ಒಂದು ಗಳಿಗೆ ‘ಬರೆದುಬಿಡೋ’ ಎಂದೇ ಮನಸ್ಸಿನಲ್ಲಿ ಅಂದುಕೊಂಡೆ.

ಅವನು ಬ್ಯುರೆಟ್‌ಗೆ ಕಣ್ಣು ಸಮಕ್ಕೆ ತಂದು ನೋಡಿದ. ಏನೋ ಬರೆದ. ಆಮೇಲೆ ಮೂರನೆಯ ಸಲಕ್ಕೆ ಫ್ಲಾಸ್ಕ್ ತೊಳೆದುಕೊಂಡ.

ಮೌಖಿಕದಲ್ಲಿ ಚಂದ್ರಾಮಪ್ಪನವರು ಅವನ ಕಾಗದವನ್ನು ಕನ್ನಡಕ ಏರಿಸಿ ನೋಡಿದರು. “ಒಂದಕ್ಕ ಹನ್ನೆರಡು ಪಾಯಿಂಟ್ ನಾಲ್ಕು. ಮೂರಕ್ಕೂ ಅದೇ. ನಡುವಿಂದು ಹದಿಮೂರು ಪಾಯಿಂಟ್ ಎರಡು. ಇದೇನೋ ತಮ್ಮಾ?”

“ತಪ್ಪಾತ್ರಿ ಸರ್. ಬೆರಳು ಜಾರಿ ಹೆಚ್ಚು ಬಿತ್ತು. ಅದಕ್ಕ ಪಕ್ಕದಾಗ ಬರ್ದೀನ್ರಿ, ಲೆಕ್ಕಕ್ಕ ತಗೊಂಡಿಲ್ಲ.”

“ಬರೀದೇ ಬಿಡಬಹುದಿತ್ತಲ್ಲ. ಚಂದ ಕಾಣ್ತಿತ್ತು.”

ಅಯ್ಯಣ್ಣ ಆ ಕಾಗದದ ಕಡೆ ನೋಡಿದ. “ಹನ್ನೆರಡು ವರ್ಷದ ಹಿಂದ ಇದೇ ಲ್ಯಾಬಿನ್ಯಾಗ ಚಂದ ಕಾಣ್ಲಿ ಅಂತ ನೋಡಲಾರದ್ದು ಬರ್ದಿದ್ದೆ ಸರ್. ಫೇಲಾದೆ. ಈ ಸಲ ಫೇಲಾದ್ರೂ ಚಿಂತಿಲ್ಲ, ನೋಡಿದ್ದನ್ನೇ ಬರ್ದೀನ್ರಿ.”

ಚಂದ್ರಾಮಪ್ಪನವರು ಕಾಗದವನ್ನು ಪಕ್ಕಕ್ಕಿಟ್ಟರು. ಇಂಡಿಕೇಟರಿನ ಬಗ್ಗೆ ಎರಡು ಪ್ರಶ್ನೆ ಕೇಳಿದರು, ಒಂದಕ್ಕೆ ಹೇಳಿದ. ಸಾಂದ್ರತೆಯ ಅಳತೆಯಾದ ನಾರ್ಮಾಲಿಟಿ ಎಂದರೇನು ಎಂದು ಕೇಳಿದಾಗ ತಡವರಿಸಿದ. ಹೊರಗೆ ಹೋಗುವಾಗ ಅವನ ಅಂಗಿಯ ಬೆನ್ನು ಬೆವರಿಗೆ ಒದ್ದೆಯಾಗಿತ್ತು. ಅಂಕಪಟ್ಟಿಯ ಲಕೋಟೆಗೆ ಅರಗು ಹಾಕುವ ಮೊದಲು ನೋಡಬಹುದಿತ್ತು, ಆದರೆ ನನಗೆ ಧೈರ್ಯವಾಗಲಿಲ್ಲ.

ಫಲಿತಾಂಶ ಏಪ್ರಿಲ್‌ನಲ್ಲಿ ಬಂತು. ಊರಿನ ಹುಡುಗರೆಲ್ಲರ ಫಲಿತಾಂಶ ತೆಗೆದುಕೊಡುವ ಅಯ್ಯಣ್ಣನಿಗೆ ತನ್ನ ನಂಬರ್ ಒತ್ತಲು ಕೈ ಬರಲಿಲ್ಲ. ಬಸವೇಶ್ವರಿಯೇ ಒತ್ತಿದಳು. ನಾನು ಬಸ್ಸಿಳಿದು ಬರುವಷ್ಟರಲ್ಲಿ ಅವಳು ರಸ್ತೆ ದಾಟಿ ಗೇಟಿನ ಬಳಿ ಬಂದು ನಿಂತಿದ್ದಳು. “ಮೇಡಂರೀ, ಇಪ್ಪತ್ತಾರು! ನಲವತ್ತಕ್ಕ ಇಪ್ಪತ್ತಾರು ಬಂದಾವ್ರಿ!” ಎಂದು ನನ್ನ ಕೈ ಹಿಡಿದುಕೊಂಡಳು. ಒಳಗೆ ಅಯ್ಯಣ್ಣ ಮಷಿನ್ನಿನ ಹಿಂದೆ ಕುರ್ಚಿಯಲ್ಲಿ ಕೂತು ಎರಡೂ ಕೈಯಿಂದ ಮುಖ ಮುಚ್ಚಿಕೊಂಡಿದ್ದ. ಮದೀನಾಬೀ ಅವನ ತಲೆಯ ಮೇಲೆ ಕೈಯಿಟ್ಟು ನಿಂತಿದ್ದರು. ನನಗೆ ಬೈಯಲು ಏನೂ ಸಿಗಲಿಲ್ಲ. ನಾನೂ ಅತ್ತೆ.

ಅಂಕಪಟ್ಟಿ ಬಂದರೆ ಅವನು ಅದನ್ನು ಟ್ರಂಕಿನ ತಳದಲ್ಲಿ ಬಚ್ಚಿಡುತ್ತಾನೆ ಎಂದುಕೊಂಡಿದ್ದೆ. ಊರಿಗೆಲ್ಲ ಅವನು ಹಳೇ ಪದವೀಧರ, ಹಾಗೇ ಉಳಿಯಲು ಯಾವ ಅಡ್ಡಿಯೂ ಇರಲಿಲ್ಲ. ಹೊಸ ವರ್ಷದ ಕ್ಲಾಸು ಶುರುವಾದ ದಿನ ನೋಡಿದರೆ, ಅಂಗಡಿಯ ಗಾಜಿನ ಮೇಲೆ, ಎಲ್ಲರ ಕಣ್ಣಿಗೆ ಬೀಳುವಂತೆ ಅದರ ಪ್ರತಿ ಅಂಟಿಸಿದ್ದ. ಅದರಲ್ಲಿ ಅವನ ಹೆಸರು, ವಿಷಯ, ಇಪ್ಪತ್ತಾರು ಅಂಕ ಮತ್ತು ಪಾಸಾದ ವರ್ಷ ಎಲ್ಲ ಇತ್ತು.

ನಾನು ನಿಂತಿದ್ದಾಗಲೇ ಮುದನಾಳದಿಂದ ಬಂದ ಹೊಸ ಹುಡುಗಿಯೊಬ್ಬಳು ರೆಕಾರ್ಡ್ ಕೇಳಲು ಬಂದಳು. ಗಾಜಿನ ಮೇಲಿದ್ದುದನ್ನು ಓದಿ ಅವಳಿಗೆ ಅನುಮಾನವಾಯಿತು.

“ಅಣ್ಣಾ, ಇದರಾಗ ನೀವು ಇದೇ ವರ್ಷ ಪಾಸಾಗೀರಿ ಅಂತ ಅದ. ತಪ್ಪು ಪ್ರಿಂಟ್ ಆಗ್ಯಾದೇನು?”

“ಇಲ್ಲವ್ವಾ, ಬರಾಬರಿ ಅದ. ಇದೇ ವರ್ಷ ಪಾಸಾಗೀನಿ” ಎಂದ ಅಯ್ಯಣ್ಣ. “ಈಗ ಕೊಡಾಕ ನನ್ನ ಹತ್ರ ರೆಕಾರ್ಡ್ ಇಲ್ಲ. ಒಳಗ ಹೋಗು, ನೀನೇ ಮಾಡು. ಮೊದ್ಲು ನಾಲ್ಕು ಸಲ ಕೆಡ್ತದ, ಅಂಜಬ್ಯಾಡ.”

ಹುಡುಗಿ ಅವನ ಮುಖ ನೋಡಿದಳು, ನನ್ನ ಮುಖ ನೋಡಿದಳು. ಆಮೇಲೆ ಖಾಲಿ ರೆಕಾರ್ಡ್ ಪುಸ್ತಕವೊಂದನ್ನು ಕೊಂಡುಕೊಂಡು ರಸ್ತೆ ದಾಟಿ ಲ್ಯಾಬಿನ ಕಡೆ ನಡೆದಳು.